ದೇವರ ಮೀನು, ಗಾಜಿನ ಪೆಟ್ಟಿಗೆ

ಮೀನು ಸತ್ತರೆ ಅದು ಸೊಸೆಯ ಕಾಲ್ಗುಣ ಎಂದು ಯಾರಾದರೂ ಹೇಳುತ್ತಾರೆಯೇ? ನಮ್ಮ ಮನೆಯಲ್ಲಿ ಹೇಳಿದರು. ಅದೇನೂ ಮೀನು ತಿನ್ನುವವರ ಮನೆಯಲ್ಲ. ಮೀನಿನ ಹೆಸರೆತ್ತಿದರೆ ಬಾಯಿ ಮುಕ್ಕಳಿಸಿಕೊಳ್ಳುವ ಶಿವಪೂಜೆಯ ಮನೆ. ಈಗ ನೆನೆಸಿಕೊಂಡರೆ ನಗು ಬರುತ್ತದೆ ಎಂದು ಬರೆಯುವುದು ರೂಢಿ. ನನಗೆ ನಗು ಬರುವುದಿಲ್ಲ.

ನಾನು ಪಾವಗಡದ ಕಡೆಯ ಹಳ್ಳಿಯವಳು. ಮಹಾರಾಜರ ಕಾಲ ಅದು. ಮದುವೆ ಮೊದಲೇ ಆಗಿತ್ತು. ಮಧುಗಿರಿಯ ಆ ಮನೆಗೆ ನನ್ನನ್ನು ಮನೆ ತುಂಬಿಸಿಕೊಂಡದ್ದು ಆ ವರ್ಷದ ಚೈತ್ರದಲ್ಲಿ. ಮನೆಯಲ್ಲಿ ನಾವು ಐದು ಜನ. ಮಾವನವರು, ಅವರ ತಾಯಿ, ಅಂದರೆ ನಮ್ಮ ಅಜ್ಜಿ, ಅತ್ತೆ, ಮಿಡ್ಲ್ ಸ್ಕೂಲಿನಲ್ಲಿ ಮೇಷ್ಟರಾಗಿದ್ದ ನಮ್ಮ ಯಜಮಾನರು, ನಾನು. ಮನೆಯಲ್ಲಿ ನಡೆಯುತ್ತಿದ್ದದ್ದು ಅಜ್ಜಿಯ ಮಾತು. ಅತ್ತೆ ಬಾಯಿ ಬಿಡುತ್ತಿದ್ದದ್ದು ಊಟಕ್ಕೆ ಕರೆಯಲು ಮಾತ್ರ ಎಂದರೂ ಸುಳ್ಳಲ್ಲ. ನಾನು ಮಾತಾಡಿದರೆ ತೆಲುಗು ಬೆರೆಯುತ್ತದೆ ಎಂದು ಅಜ್ಜಿ ನನ್ನನ್ನು ಆಡಿಕೊಳ್ಳುತ್ತಿದ್ದರು. ಹಾಗಾಗಿ ನಾನೂ ಮೊದಮೊದಲು ಬಾಯಿ ಮುಚ್ಚಿಕೊಂಡೇ ಇದ್ದೆ. ನನ್ನಂಥವಳಿಗೆ ಅದೆಷ್ಟು ಕಷ್ಟದ ಕೆಲಸ ಎಂಬುದು ನನ್ನನ್ನು ಬಲ್ಲವರಿಗೆ ಗೊತ್ತು.

ಊರಾಚೆ ಒಂದು ಈಶ್ವರನ ಗುಡಿ. ಅದರ ಪೂಜೆ ನಮ್ಮ ಮನೆಯದು. ಗುಡಿಯ ಮುಂದಿನ ಕಲ್ಯಾಣಿಯಲ್ಲಿ ಬೆರಳುದ್ದದ ಬೆಳ್ಳಿ ಬಣ್ಣದ ಮೀನುಗಳಿದ್ದವು. ಅವು ದೇವರ ಮೀನು, ಯಾರೂ ಹಿಡಿಯುವಂತಿರಲಿಲ್ಲ. ಮೈಮೇಲೆ ನರಹುಲಿ ಎದ್ದವರು ಮೀನಿಗೆ ಪುರಿ ಬೆಲ್ಲ ಹಾಕುತ್ತೇವೆಂದು ಹರಕೆ ಹೊರುತ್ತಿದ್ದರು. ನಮ್ಮ ಕಡೆ ಮಳೆ ಕೈಕೊಟ್ಟ ವರ್ಷ ಕಲ್ಯಾಣಿ ತಳ ಕಾಣುತ್ತಿತ್ತು. ಆಗ ಮಾವನವರು ಉಳಿದ ಮೀನುಗಳನ್ನು ಒದ್ದೆ ಪಂಚೆಯಲ್ಲಿ ಬಳಿದು ತಂದು ಹಿತ್ತಿಲ ಕಲ್ಲುಬಾನಿಯಲ್ಲಿ ಬಿಟ್ಟು, ಮಳೆ ಬಂದು ಕಲ್ಯಾಣಿ ತುಂಬಿದ ಮೇಲೆ ಮತ್ತೆ ಕೊಂಡುಹೋಗಿ ಬಿಡುತ್ತಿದ್ದರು. ಅವರ ತಂದೆ, ತಾತ ಎಲ್ಲರೂ ಹಾಗೇ ಮಾಡಿದವರಂತೆ. ಆ ಮೀನಿನ ಸಂತತಿ ಅಳಿದರೆ ಈ ಮನೆಯ ಸಂತತಿ ಅಳಿಯುತ್ತದೆ ಎಂದು ಅಜ್ಜಿ ನಾನು ಬಂದ ಮೊದಲ ವಾರವೇ ನನಗೆ ಹೇಳಿದರು. ಹೇಳುವಾಗ ನನ್ನ ಹೊಟ್ಟೆಯ ಕಡೆ ನೋಡಿದರು.

ಆ ವರ್ಷವೂ ಕಲ್ಯಾಣಿ ಒಣಗಿತು. ಆದರೆ ಕಲ್ಲುಬಾನಿ ಇರಲಿಲ್ಲ. ನನ್ನ ಮನೆ ತುಂಬಿಸುವ ಶಾಸ್ತ್ರಕ್ಕೆ ಹಿತ್ತಿಲಲ್ಲಿ ಚಪ್ಪರ ಹಾಕಲು ಆಳುಗಳು ಅದನ್ನು ಸರಿಸಿದಾಗ ಎರಡು ಹೋಳಾಗಿತ್ತು. ನೋಡಿ, ಶುರುವಾದದ್ದೇ ಅಲ್ಲಿಂದ.

ನಮ್ಮ ಯಜಮಾನರಿಗೆ ಮಾತ್ರ ಅದರಿಂದ ಸಂತೋಷವೇ ಆಯಿತು. ಅವರು ಮೈಸೂರಿನ ದಸರಾ ವಸ್ತುಪ್ರದರ್ಶನದಲ್ಲಿ ಗಾಜಿನ ಪೆಟ್ಟಿಗೆಯೊಳಗೆ ಕೆಂಪು ಮೀನು ಆಡುವುದನ್ನು ಕಂಡು ಬಂದಿದ್ದರು. ದೇವರ ಮೀನನ್ನು ಹಿತ್ತಿಲ ಮೂಲೆಯಲ್ಲಿ ಬಚ್ಚಿಡುವುದೇಕೆ, ಪಡಸಾಲೆಯಲ್ಲೇ ಇಡೋಣ, ಭಕ್ತರು ಬಂದು ನೋಡಲಿ ಎಂದು ಮಾವನವರನ್ನು ಒಪ್ಪಿಸಿದರು. ಶಿರಾದಲ್ಲಿ ಲಾಟೀನಿಗೆ ಗಾಜು ಕೂರಿಸುವ ಸಾಬರೊಬ್ಬರ ಹತ್ತಿರ ಕಬ್ಬಿಣದ ಪಟ್ಟಿಯ ಚೌಕಟ್ಟಿಗೆ ನಾಲ್ಕೂ ಕಡೆ ಗಾಜು ಕೂರಿಸಿ, ಸಂದುಗಳಿಗೆ ರಾಳ ಮೇಣ ಮೆತ್ತಿಸಿ, ಗಾಡಿಯಲ್ಲಿ ಹುಲ್ಲು ಹಾಸಿ ತಂದರು. ಸಾಬರೂ ಜೊತೆಗೇ ಬಂದಿದ್ದರು. ನೀರು ತುಂಬಿಸಿ ಸುತ್ತ ಬೆರಳಾಡಿಸಿ ನೋಡಿ, "ಒಂದು ತೊಟ್ಟು ಸೋರಿದ್ರೂ ನನ್ನ ಕೇಳಿ ಸಾಮಿ. ಒಳಗಿನ ಮೀನಿನ ಜಿಮ್ಮೇದಾರಿ ಮಾತ್ರ ನಂದಲ್ಲ," ಎಂದು ನಕ್ಕು ಹೋದರು. ಆ ಹೊಣೆ ಯಾರದೆಂದು ಆಗ ಯಾರೂ ಯೋಚಿಸಲಿಲ್ಲ.

ಮೀನು ಬಂದವು. ಪಡಸಾಲೆಯಲ್ಲಿ ದೇವರಕೋಣೆಯ ಬಾಗಿಲ ಪಕ್ಕಕ್ಕೆ ಮಣೆಯ ಮೇಲೆ ಪೆಟ್ಟಿಗೆ ಇಟ್ಟದ್ದು. ಹಿತ್ತಿಲ ಬಾನಿಯಲ್ಲಿದ್ದಾಗ ಅವುಗಳ ಕಡೆ ತಿರುಗಿ ನೋಡುವವರಿರಲಿಲ್ಲವಂತೆ. ಈಗ ದೇವರ ಪಕ್ಕದಲ್ಲಿ ಕೂತ ಮೇಲೆ ದೇವರಿಗೆ ನಡೆಯುವುದೆಲ್ಲ ನಡೆಯಬೇಡವೇ? ಅಜ್ಜಿ ಅಪ್ಪಣೆ ಮಾಡಿದರು. ದೇವರಿಗೆ ನಿನ್ನೆಯ ನೀರು ಆಗುವುದಿಲ್ಲ, ಹಾಗಾಗಿ ಮೀನಿಗೂ ನಿನ್ನೆಯ ನೀರು ಆಗದು. ಮುಂಜಾನೆ ಎದ್ದು ಸ್ನಾನ ಮಾಡಿ, ಮಡಿಯುಟ್ಟು, ಹುಣಸೆಹಣ್ಣಿನಲ್ಲಿ ಬೆಳಗಿದ ತಾಮ್ರದ ಕೊಡದಲ್ಲಿ ಬಾವಿಯಿಂದ ನೀರು ಸೇದಿ ತಂದು, ಬಟ್ಟೆಯಲ್ಲಿ ಸೋಸಿ, ಮೀನನ್ನು ಕೊಳಗಕ್ಕೆ ಬಿಟ್ಟು, ಹಳೆ ನೀರನ್ನೆಲ್ಲ ಚೆಲ್ಲಿ, ಗಾಜನ್ನು ಬೂದಿ ಹಾಕಿ ತಿಕ್ಕಿ ತೊಳೆದು, ಹೊಸ ನೀರು ತುಂಬಬೇಕು. ಮೇಲೊಂದು ಚಿಟಿಕೆ ಅರಿಶಿನ, ಒಂದು ಚಿಟಿಕೆ ವಿಭೂತಿ, ಒಂದು ಬಿಲ್ವಪತ್ರೆ. ಈ ಕೆಲಸ ಹೊಸ ಸೊಸೆಯದು. ಪುಣ್ಯದ ಕೆಲಸವಂತೆ.

ಮೊದಲ ದಿನ ಊರೇ ಬಂತು. ಗಾಜಿಗೆ ಮೂಗು ತಾಗಿಸಿ ನೋಡಿದರು. ಹಿಡಿ ಹಿಡಿ ಪುರಿ ಹಾಕಿದರು. ಮೀನು ತಿಂದಷ್ಟು ತಿಂದವು, ಮಿಕ್ಕದ್ದು ತಳದಲ್ಲಿ ಊದಿಕೊಂಡು ಕೂತಿತು. ನೀರು ಎಷ್ಟು ತಿಳಿಯಾಗಿತ್ತೆಂದರೆ ಮೀನು ಗಾಳಿಯಲ್ಲೇ ತೇಲುತ್ತಿವೆ ಎನಿಸುತ್ತಿತ್ತು. ಮಾವನವರ ಮುಖದಲ್ಲಿ ಹೆಮ್ಮೆ. ನಮ್ಮ ಯಜಮಾನರಂತೂ ಬಂದವರಿಗೆಲ್ಲ ಮೈಸೂರಿನ ವರ್ಣನೆ ಮಾಡಿದ್ದೇ ಮಾಡಿದ್ದು.

ಆ ವಾರದೊಳಗೇ ಮೊದಲ ಮೀನು ಸತ್ತಿತು.

ಬೆಳಗ್ಗೆ ನೀರು ಬದಲಿಸಲು ಹೋದವಳು ನಾನೇ ನೋಡಿದ್ದು. ಬಿಳಿ ಹೊಟ್ಟೆ ಮೇಲಾಗಿ ಬಿಲ್ವಪತ್ರೆಯ ಪಕ್ಕದಲ್ಲಿ ತೇಲುತ್ತಿತ್ತು. ಜೀವಹತ್ಯೆ, ಅದೂ ದೇವರಕೋಣೆಯ ಬಾಗಿಲಲ್ಲಿ. ಎತ್ತುವವರು ಯಾರು? ಆ ಮನೆಯಲ್ಲಿ ಯಾರೂ ಜನ್ಮದಲ್ಲಿ ಸತ್ತ ಮೀನು ಮುಟ್ಟಿದವರಲ್ಲ. ಅಜ್ಜಿ ನನ್ನ ಕಡೆ ಬೆರಳು ತೋರಿಸಿದರು. ಮುತ್ತುಗದ ಎಲೆಯಲ್ಲಿ ಎತ್ತಿ, ಬಿಲ್ವದ ಮರದ ಬುಡದಲ್ಲಿ ಹೂತು, ತಲೆಗೆ ಸ್ನಾನ ಮಾಡಿ ಬಂದೆ. ಅಜ್ಜಿ ಬಾಗಿಲಲ್ಲೇ ನಿಂತಿದ್ದರು.

"ಇಷ್ಟು ವರ್ಷ ಬಾನೀಲಿದ್ವು, ಒಂದೂ ಸಾಯ್ಲಿಲ್ಲ," ಎಂದರು. ಅಷ್ಟೇ ಹೇಳಿದ್ದು.

ಎರಡನೆಯದು ಸತ್ತಾಗ ಅಷ್ಟಕ್ಕೇ ನಿಲ್ಲಿಸಲಿಲ್ಲ. "ಮನೆಗೆ ಕಾಲಿಟ್ಲು, ಬಾನಿ ಒಡೀತು. ಕೈ ಇಟ್ಲು, ಮೀನು ಸಾಯ್ತಾವೆ. ಇನ್ನೇನೇನು ಕಾದೈತೋ ಶಿವನೇ," ಎಂದು ಮಾವನವರಿಗೆ ಕೇಳುವಂತೆ ಹೇಳಿದರು. ನನಗೆ ಎಷ್ಟು ರೇಗಿತೆಂದರೆ, ಆ ಗಾಜಿನ ಪೆಟ್ಟಿಗೆ ತಂದವರು ಯಾರು, ನಾನೇನು ತಲೆಯ ಮೇಲೆ ಹೊತ್ತು ತಂದೆನೇ ಎಂದು ಕೇಳಿಬಿಡುತ್ತಿದ್ದೆ. ಯಜಮಾನರ ಮುಖ ನೋಡಿ ಸುಮ್ಮನಾದೆ. ಅವರು ಒಳ್ಳೆಯವರು. ಅಜ್ಜಿಯ ಎದುರು ಮಾತ್ರ ಬಾಯಿಗೆ ಬೀಗ. "ನೀರು ಇನ್ನಷ್ಟು ಶುದ್ಧ ಬೇಕೇನೋ," ಎಂದು ನನಗೊಬ್ಬಳಿಗೆ ಪಿಸುಗುಟ್ಟಿದರು. ನಾನು ಮರುದಿನದಿಂದ ಬಟ್ಟೆಯನ್ನು ಎರಡು ಮಡಿಕೆ ಮಾಡಿ ಸೋಸಿದೆ. ಸಂಜೆಯೂ ಒಮ್ಮೆ ನೀರು ಬದಲಿಸಿದೆ. ಅರಿಶಿನ ಒಂದು ಚಿಟಿಕೆ ಹೆಚ್ಚಿಗೆ ಹಾಕಿದೆ. ಮತ್ತೊಂದು ಸತ್ತಿತು.

ಆಮೇಲೆ ನನಗೆ ಅದೊಂದೇ ಧ್ಯಾನ. ಒಲೆಯ ಮುಂದೆ ಕೂತರೆ ಕಣ್ಣು ಪಡಸಾಲೆಯ ಕಡೆ. ಉಳಿದ ಮೀನುಗಳು ಮೇಲಕ್ಕೆ ಬಂದು ಬಾಯಿ ತೆರೆದು ತೆರೆದು ಗಾಳಿ ಗುಟುಕರಿಸುತ್ತಿದ್ದವು. ಅವುಗಳ ಕಿವಿರು ಕೆಂಪಾಗಿತ್ತು. ರೊಟ್ಟಿ ತಟ್ಟುತ್ತಿದ್ದವಳು ಮಧ್ಯದಲ್ಲೇ ಎದ್ದು ಹೋಗಿ ನೋಡಿ ಬರುತ್ತಿದ್ದೆ, ರೊಟ್ಟಿ ಸೀಯುತ್ತಿತ್ತು. ಸೀದ ರೊಟ್ಟಿಯನ್ನು ಅತ್ತೆ ಮಾತಿಲ್ಲದೆ ತಮ್ಮ ತಟ್ಟೆಗೆ ಹಾಕಿಕೊಳ್ಳುತ್ತಿದ್ದರು.

ಒಂದು ಮಧ್ಯಾಹ್ನ ಅಜ್ಜಿ ಮಾವನವರೊಡನೆ ಹೇಳುತ್ತಿದ್ದದ್ದು ಕಿವಿಗೆ ಬಿತ್ತು. "ಹುಡುಗೀನ ತವರಿಗೆ ಕಳ್ಸು. ಮಳೆಗಾಲಕ್ಕೆ ಬರ್ಲಿ."

ಮಳೆಗಾಲಕ್ಕೆ ಬರಲಿ ಎನ್ನುವುದು ಮರ್ಯಾದೆಯ ಮಾತು. ಅದರ ಅರ್ಥ ಏನೆಂದು ನನಗೆ ಗೊತ್ತಿತ್ತು. ನಮ್ಮೂರಿನಲ್ಲಿ ಹಾಗೆ ಬಂದು ಕೂತವಳೊಬ್ಬಳಿದ್ದಳು. ಅವಳು ಬಂದಾಗ ಗಂಡನ ಮನೆಯಲ್ಲಿ ಎಮ್ಮೆ ಸತ್ತಿತ್ತೋ ಏನೋ. ಎಷ್ಟೋ ಮಳೆಗಾಲ ಬಂದು ಹೋದವು, ಕರೆಯಲು ಯಾರೂ ಬರಲಿಲ್ಲ. ದಿನಾ ಸಂಜೆ ಹೊಸಿಲ ಮೇಲೆ ಕೂತು ಗಾಡಿ ಸದ್ದಿಗೆ ಕಿವಿಗೊಡುತ್ತಿದ್ದಳು. ಮದುವೆ ಮುಂಜಿಗಳಲ್ಲಿ ಅವಳ ಕೈಗೆ ಅರಿಶಿನದ ಬಟ್ಟಲು ಕೊಡಲು ಹೆಂಗಸರು ಹಿಂದೆಮುಂದೆ ನೋಡುತ್ತಿದ್ದರು. ನನಗೆ ಅವಳ ಮುಖವೇ ಕಣ್ಣಮುಂದೆ ಬರತೊಡಗಿತು. ಈ ಮೀನು ಉಳಿದರೆ ನಾನು ಉಳಿದೆ, ಇಲ್ಲವಾದರೆ ನನ್ನ ಗತಿಯೂ ಅದೇ ಎಂದು ಮನಸ್ಸಿಗೆ ಗಟ್ಟಿಯಾಯಿತು.

ಹೀಗಿರುವಾಗ ಹುಲಿಕುಂಟೆಯಿಂದ ಸುದ್ದಿ ಬಂತು. ಮಾವನವರ ದಾಯಾದಿ, ಹಣ್ಣು ಹಣ್ಣು ಮುದುಕರು, ತೀರಿಕೊಂಡಿದ್ದರು. ನಾನು ಅವರನ್ನು ಕಂಡೇ ಇರಲಿಲ್ಲ. ಮನೆಗೆ ಹತ್ತು ದಿನದ ಸೂತಕ. ಗುಡಿಯ ಪೂಜೆಗೆ ಕೊರಟಗೆರೆಯ ಕಡೆಯ ಬೇರೆ ಗೋತ್ರದ ಅರ್ಚಕರಿಗೆ ಹೇಳಿ ಕಳಿಸಿದರು. ದೇವರಕೋಣೆಯ ಬಾಗಿಲು ಹಾಕಿದರು. ಅಜ್ಜಿ ಗಾಜಿನ ಪೆಟ್ಟಿಗೆಯ ಮುಂದೆ ನಿಂತು ಎಲ್ಲರಿಗೂ ಹೇಳಿದರು, "ಮೈಲಿಗೆ ಕೈಯಾಗೆ ಇದನ್ನ ಯಾರೂ ಮುಟ್ಟಂಗಿಲ್ಲ. ನೀರೂ ಹಾಕಂಗಿಲ್ಲ, ಪುರೀನೂ ಹಾಕಂಗಿಲ್ಲ."

"ಹತ್ತು ದಿನ ನೀರು ಬದಲಿಸದಿದ್ದರೆ ಸತ್ತೇ ಹೋಗ್ತವೆ ಅಜ್ಜಿ," ಎಂದೆ. ನಾನು ಆ ಮನೆಯಲ್ಲಿ ಅಜ್ಜಿಗೆ ಎದುರಾಡಿದ್ದು ಅದೇ ಮೊದಲು.

"ಬದ್ಲಾಯ್ಸಿ ಏನು ಉಳ್ಸಿದ್ದೆ ಹೇಳು?" ಎಂದರು ಅಜ್ಜಿ.

ಸೂತಕದ ಮನೆಗೆ ಯಾರೂ ಬರುವುದಿಲ್ಲ, ಹಾಗಾಗಿ ಪುರಿ ಹಾಕುವವರೂ ಇಲ್ಲ. ಮರುದಿನವೇ ನೀರು ಮಂಕಾಯಿತು. ಅದರ ಮಾರನೆಯ ದಿನ ಅಕ್ಕಿ ತೊಳೆದ ನೀರಿನಂತೆ ಬೆಳ್ಳಗೆ ತಿರುಗಿತು. ಹತ್ತಿರ ಹೋದರೆ ಮೂಗಿಗೆ ಚುಚ್ಚುವ ವಾಸನೆ. ಮೀನು ಎಲ್ಲಿವೆ ಎಂಬುದೇ ಕಾಣದು. ಒಮ್ಮೊಮ್ಮೆ ಮೇಲೆ ಒಂದು ಬಾಯಿ ಬಂದು ಪಟ್ ಎಂದು ಗಾಳಿ ನುಂಗಿ ಕೆಳಗೆ ಹೋಗುತ್ತಿತ್ತು. ನಾನು ಗಾಜಿಗೆ ಹಣೆಯಿಡುವಷ್ಟು ಹತ್ತಿರ ಕೂತು ಆ ಬಾಯಿಗಳನ್ನು ಲೆಕ್ಕ ಹಾಕುತ್ತಿದ್ದೆ. ಬಾವಿಯಲ್ಲಿ ನೀರಿದೆ, ಕೊಡ ಇದೆ, ನನಗೆ ಕೈಗಳಿವೆ, ಆದರೆ ಮುಟ್ಟುವಂತಿಲ್ಲ. ದೇವರೇ ಕಾಪಾಡಪ್ಪಾ ಎಂದು ಕೈ ಮುಗಿಯೋಣವೆಂದರೆ ಸೂತಕದಲ್ಲಿ ಅದೂ ಇಲ್ಲ. ಹೊಟ್ಟೆಗೆ ಅನ್ನ ಇಳಿಯಲಿಲ್ಲ.

ಅದೇ ದಿನಗಳಲ್ಲಿ ಅಜ್ಜಿ ಮಧುಗಿರಿಯ ಸಂತೆಗೆ ಬಂದಿದ್ದ ನಮ್ಮೂರ ಕಡೆಯ ಒಬ್ಬರ ಬಾಯಲ್ಲಿ ನಮ್ಮಪ್ಪನಿಗೆ ಹೇಳಿ ಕಳಿಸಿದ್ದಾರೆಂದು ಯಜಮಾನರು ನನಗೆ ಹೇಳಿದರು. ಸೂತಕ ಕಳೆದ ದಿನ ಬಂದು ಮಗಳನ್ನು ಕರೆದುಕೊಂಡು ಹೋಗಲಿ ಎಂದು. "ನೀವೇನಂದಿರಿ?" ಎಂದು ಕೇಳಿದೆ. ಅವರು ನೆಲ ನೋಡಿದರು. ಮದುವೆಯಾದ ಮೇಲೆ ನಾನು ಅವರ ಮೇಲೆ ಮೊದಲ ಸಲ ಹಲ್ಲು ಕಡಿದದ್ದು ಅವತ್ತು.

ಆಮೇಲೆ ಏನಾಯಿತೆಂದು ನಿಧಾನವಾಗಿ ಹೇಳುತ್ತೇನೆ, ಏಕೆಂದರೆ ಅದು ಆದದ್ದೂ ನಿಧಾನವಾಗಿಯೇ. ಸೂತಕ ಅರ್ಧ ಕಳೆದಿತ್ತು. ಬೆಳಗ್ಗೆ ಎದ್ದು ಬಂದರೆ ಆ ಚುಚ್ಚುವ ವಾಸನೆ ಇಲ್ಲ. ಮೂಗು ಕಟ್ಟಿದೆಯೇನೋ ಎಂದುಕೊಂಡೆ. ಮಧ್ಯಾಹ್ನಕ್ಕೆ ಬೆಳ್ಳಗಿನ ನೀರಿನ ಆಚೆ ಗೋಡೆಯ ನೆರಳು ಕಂಡಿತು. ಮರುದಿನ ನೀರು ತಾನಾಗಿಯೇ ತಿಳಿಯಾಗತೊಡಗಿತ್ತು. ಬಾವಿಯ ನೀರಿನಂತೆ ಅಲ್ಲ, ಸ್ವಲ್ಪ ಹೊಂಬಣ್ಣ. ಗಾಜಿಗೆ ಕಿಟಕಿಯ ಬದಿಯಲ್ಲಿ ತೆಳ್ಳಗೆ ಹಸಿರು ಹಿಡಿದಿತ್ತು. ವಾಸನೆ ನೋಡಿದರೆ ಕೆರೆಯ ಅಂಚಿನ ಹಸಿ ಮಣ್ಣಿನ ವಾಸನೆ. ಮೀನುಗಳು ಮೇಲೆ ಬಂದು ಗುಟುಕರಿಸುವುದನ್ನು ನಿಲ್ಲಿಸಿದ್ದವು. ಗಾಜಿನ ಆ ಹಸಿರಿಗೆ ಬಾಯಿ ಹಚ್ಚಿ ಮೇಯುತ್ತಿದ್ದವು! ನಾನು ಒಂದೊಂದಾಗಿ ನೋಡಿದೆ. ಸೂತಕದ ಮೊದಲ ದಿನ ಎಷ್ಟಿದ್ದವೋ ಅಷ್ಟೂ ಇದ್ದವು.

ಅಲ್ಲೇ ನೆಲದ ಮೇಲೆ ಕುಕ್ಕರಿಸಿಬಿಟ್ಟೆ. ದಿನಾ ಎರಡು ಹೊತ್ತು ಮಡಿಯಲ್ಲಿ ನೀರು ಬದಲಿಸಿದಾಗ ಸಾಯುತ್ತಿದ್ದ ಮೀನು, ಮೈಲಿಗೆಯಲ್ಲಿ ಯಾರೂ ಮುಟ್ಟದೆ ಬಿಟ್ಟಾಗ ಬದುಕಿವೆ. ಹಿತ್ತಿಲಿಗೆ ಹೋಗಿ ಒಡೆದ ಬಾನಿಯ ಹೋಳನ್ನು ನೋಡಿದೆ. ಒಳಗೆಲ್ಲ ಒಣಗಿದ ಪಾಚಿ, ಬೆರಳ ದಪ್ಪ. ಅತ್ತೆ ಅಲ್ಲೇ ಸಗಣಿ ತಟ್ಟುತ್ತಿದ್ದರು.

"ಅತ್ತೆ, ಈ ಬಾನಿ ತೊಳೀತಿದ್ರಾ?" ಎಂದು ಕೇಳಿದೆ.

"ಇದನ್ಯಾರು ತೊಳೀತಾರೆ ಕಣಮ್ಮ? ನೀರು ಕಮ್ಮಿ ಆದ್ರೆ ಒಂದು ಚೆಂಬು ಸುರೀತಿದ್ವಿ. ಅಷ್ಟೇಯ."

ನನಗೆ ಎಲ್ಲ ಹೊಳೆಯಿತು. ಹೊಳೆದ ಕೂಡಲೇ ಇನ್ನೊಂದು ಹೆದರಿಕೆ ಹಿಡಿಯಿತು. ಸೂತಕ ಕಳೆದ ದಿನ ಶುದ್ಧಿ. ಮನೆಯ ಒಂದೊಂದು ಪಾತ್ರೆಯ ನೀರೂ ಚೆಲ್ಲಿ, ತಿಕ್ಕಿ ತೊಳೆದು, ಪುಣ್ಯಾಹ ಮಾಡಿ ಹೊಸ ನೀರು ತುಂಬುವ ದಿನ. ಕುಡಿಯುವ ಚೆಂಬನ್ನೂ ಬಿಡುವುದಿಲ್ಲ. ಈ ಪೆಟ್ಟಿಗೆಯನ್ನು ಅಜ್ಜಿ ಬಿಡುತ್ತಾರೆಯೇ? ಅದೇ ದಿನ ನಮ್ಮಪ್ಪನೂ ಬರುತ್ತಾರೆ.

ಆ ದಿನ ಬಂತು. ನಸುಕಿನಿಂದ ಮನೆಯಲ್ಲಿ ನೀರೇ ನೀರು. ಹಂಡೆ, ಕೊಳಗ, ಗಡಿಗೆ ಎಲ್ಲ ಅಂಗಳದಲ್ಲಿ ಬೋರಲು ಬಿದ್ದಿದ್ದವು. ಪುರೋಹಿತರು ಪುಣ್ಯಾಹದ ನೀರನ್ನು ಮಾವಿನೆಲೆಯಲ್ಲಿ ಮೂಲೆಮೂಲೆಗೂ ಚಿಮುಕಿಸಿ, ಗಾಜಿನ ಪೆಟ್ಟಿಗೆಗೂ ನಾಲ್ಕು ಹನಿ ಹಾಕಿ, ದಕ್ಷಿಣೆ ತೆಗೆದುಕೊಂಡು ಹೋದರು. ಅಜ್ಜಿ ಒಂದು ಕೈಯಲ್ಲಿ ಬೂದಿಯ ಬಟ್ಟಲು, ಒಂದು ಕೈಯಲ್ಲಿ ತಾಮ್ರದ ಕೊಡ ಹಿಡಿದು ಪಡಸಾಲೆಗೆ ಬಂದರು.

"ಥೂ, ಪಾಚಿ ಹಿಡ್ದೈತೆ! ದೇವ್ರ ಬಾಗ್ಲಲ್ಲಿ ಚರಂಡಿ ಮಾಡಿಟ್ಟವ್ರೆ. ಲೇ ಹುಡ್ಗಿ, ಚೆಲ್ಲು ಇದನ್ನ."

ನಾನು ಪೆಟ್ಟಿಗೆಯ ಮುಂದೆ ಹೋಗಿ ನಿಂತೆ. "ಚೆಲ್ಲಲ್ಲ ಅಜ್ಜಿ," ಎಂದೆ.

"ಏನಂದೆ?"

"ಈ ನೀರು ಚೆಲ್ಲಿದ್ರೆ ಮತ್ತೆ ಸಾಯ್ತವೆ. ಹೊಸ ನೀರೇ ಅವುಗಳನ್ನ ಕೊಲ್ತಾ ಇದ್ದದ್ದು. ಈ ನೀರಲ್ಲಿ ಒಂದೂ ಸಾಯ್ಲಿಲ್ಲ, ನೀವೇ ಎಣಿಸಿ ನೋಡಿ."

"ಸೂತಕದ ನೀರು ಕಣೇ ಅದು! ಸೂತಕದ ನೀರಲ್ಲಿ ದೇವ್ರ ಮೀನು ಇಟ್ಕೊಂತಾರಾ? ಹೊಸ ನೀರು ಬಂದು ಹಳೇ ನೀರು ಕೊಚ್ಕೊಂಡೋಯ್ತು ಅಂತಾರಲ್ಲ, ಅಂಗಾಯ್ತು ನನ್ನ ಮನೆ. ನಿನ್ನೆ ಮೊನ್ನೆ ಬಂದೋಳು ನಂಗೆ ಶಾಸ್ತ್ರ ಹೇಳ್ತಾಳೆ." ಅಜ್ಜಿ ಹೊರಗೆ ತಿರುಗಿ ಮಾವನವರನ್ನು ಕೂಗಿದರು. ಮಾವನವರು ಬಂದರು, ಯಜಮಾನರು ಬಂದರು. ಅವರ ಹಿಂದೆಯೇ, ಅಂಗಳದ ಬೋರಲು ಪಾತ್ರೆಗಳ ನಡುವೆ ದಾರಿ ಮಾಡಿಕೊಂಡು, ನಮ್ಮಪ್ಪ.

ಅಪ್ಪ ರುಮಾಲು ಕೂಡ ತೆಗೆದಿರಲಿಲ್ಲ. ರಾತ್ರಿಯೆಲ್ಲ ಗಾಡಿಯಲ್ಲಿ ಕೂತು ಬಂದ ಧೂಳು ಮೈಮೇಲಿತ್ತು. ನನ್ನ ಮುಖ ನೋಡಿ ನಮ್ಮ ಮನೆಯ ತೆಲುಗಿನಲ್ಲೇ, "ಏಮಮ್ಮಾ, ಬಾಗುಂಡಾವಾ?" ಎಂದು ಕೇಳಿದರು. ಚೆನ್ನಾಗಿದ್ದೀಯಾ ಎಂದು. ಎಲ್ಲರೂ ಏನಾಯಿತೆಂದು ಕೇಳುವ ಹೊತ್ತಿನಲ್ಲಿ ಅವರೊಬ್ಬರು ಕೇಳಿದ್ದು ಅದು. ಪೆಟ್ಟಿಗೆ ಬಿಟ್ಟು ಕದಲಿದರೆ ಅಜ್ಜಿ ಚೆಲ್ಲಿಬಿಡುತ್ತಾರೆಂದು ಅಪ್ಪನ ಕಾಲಿಗೆ ನಮಸ್ಕಾರ ಮಾಡಲೂ ಹೋಗಲಿಲ್ಲ.

"ಬಂದ್ರಾ ಬೀಗರೇ," ಎಂದರು ಅಜ್ಜಿ. "ಒಳ್ಳೇ ಹೊತ್ತಿಗೆ ಬಂದ್ರಿ. ನಿಮ್ಮ ಮಗಳ ಕಾಲ್ಗುಣ ನಮಗೆ ಆಗ್ಬರ್ಲಿಲ್ಲ. ಕರ್ಕೊಂಡೋಗಿ. ಮಳೆಗಾಲಕ್ಕೆ ನೋಡನ."

ಅಪ್ಪ ಮಾವನವರನ್ನು ನೋಡಿದರು. ಮಾವನವರು ಕಂಬ ನೋಡಿದರು. ಯಜಮಾನರು ಅಂಗಳದ ಕಡೆ ತಿರುಗಿದರು. ಅಪ್ಪ ನನ್ನ ಕಡೆ ತಿರುಗಿ, "ಪದ ತಲ್ಲೀ," ಎಂದರು. ನಡಿ ತಾಯಿ. ಅವರ ದನಿಯಲ್ಲಿ ಸಿಟ್ಟಿಗಿಂತ ಸುಸ್ತೇ ಹೆಚ್ಚಿತ್ತು. ನನ್ನ ಕಥೆ ಮುಗಿಯಿತು ಎಂದುಕೊಂಡೆ. ಹೊಸಿಲ ಮೇಲೆ ಕೂತ ಆ ಹೆಂಗಸಿನ ಪಕ್ಕದಲ್ಲಿ ನನಗೂ ಜಾಗ ಕಂಡಿತು.

ಆಗ ಅಡುಗೆಮನೆಯ ಬಾಗಿಲಿನಿಂದ ಒಂದು ಮಾತು ಬಂತು. ಅತ್ತೆ. ಕೈಯೆಲ್ಲ ಹುಣಸೆಹಣ್ಣು, ಸೆರಗು ಸೊಂಟಕ್ಕೆ ಸಿಕ್ಕಿಸಿತ್ತು.

"ಬೀಗರೇ, ಮಗಳ್ನ ಕರ್ಕೊಂಡೋಗದಾದ್ರೆ ಈ ಮೀನೂ ಕರ್ಕೊಂಡೋಗಿ."

ಎಲ್ಲರೂ ತಿರುಗಿದರು. ಅಜ್ಜಿಗೆ ತಮ್ಮ ಕಿವಿಯ ಮೇಲೇ ನಂಬಿಕೆ ಬರಲಿಲ್ಲ. "ಏನಂದೆ ನೀನು?"

"ಹೂಂ ಅತ್ತೆ. ಇವಕ್ಕೆ ನೀರು ಹೆಂಗಿರ್ಬೇಕು ಅಂತ ಈ ಮನೇಲಿ ಗೊತ್ತಿರೋದು ಇವಳೊಬ್ಳಿಗೇ. ಇವಳು ಗಾಡಿ ಹತ್ತಿದ್ರೆ ನೀವು ನೀರು ಚೆಲ್ತೀರ. ಮೀನು ಸಾಯ್ತವೆ. ಆಗ ಯಾರ ಕಾಲ್ಗುಣ ಅನ್ನನ? ನನ್ನದಾ, ನಿಮ್ಮದಾ? ಅದ್ರ ಬದ್ಲು ಪಾವಗಡದಲ್ಲಾದ್ರೂ ಬದುಕ್ಕಳ್ಳಿ ಬುಡಿ."

ಅತ್ತೆ ಅಷ್ಟು ಮಾತನ್ನು ಒಟ್ಟಿಗೆ ಆಡಿದ್ದನ್ನು ಅವರ ಗಂಡನೂ ಕೇಳಿರಲಿಕ್ಕಿಲ್ಲ. ಮಾವನವರು ಗಂಟಲು ಸರಿಮಾಡಿಕೊಂಡರು. "ದೇವ್ರ ಮೀನು ಊರು ಬಿಟ್ಟು ಹೋಗಂಗಿಲ್ಲ," ಎಂದರು. ಅಷ್ಟು ಹೇಳಿ ನಿಲ್ಲಿಸಿದರು. ಅವರೇ ಅದರ ಅರ್ಥವನ್ನು ಆಮೇಲೆ ತಿಳಿದುಕೊಂಡಂತೆ ಕಂಡಿತು. "ಹಂಗಾದ್ರೆ ಹುಡ್ಗೀನೂ ಇರ್ಲಿ ಬುಡವ್ವ. ಮಳೆ ಬರೋಗಂಟ ನೋಡನ."

ಅಜ್ಜಿ ಕೊಡವನ್ನು ನೆಲಕ್ಕೆ ಕುಕ್ಕಿದರು. "ಸತ್ರೆ ನಾನು ಜವಾಬ್ದಾರಿ ಅಲ್ಲ," ಎಂದು ಒಳಗೆ ಹೋದರು. ಅಪ್ಪ ಅವತ್ತು ಊಟ ಮಾಡಿ, ಒಬ್ಬರೇ ಗಾಡಿ ಹತ್ತಿದರು. ಹೋಗುವಾಗ ನನ್ನ ತಲೆ ಮುಟ್ಟಿ, "ಜಾಗ್ರತ," ಎಂದರು. ಆ ಮಾತು ಯಾವ ಭಾಷೆಯಲ್ಲಾದರೂ ಒಂದೇ.

ಗೆದ್ದೆ ಎಂದು ನೀವು ತಿಳಿಯಬಹುದು. ನನಗೆ ಹಾಗೆ ಅನಿಸಲೇ ಇಲ್ಲ. ಮೊದಲಾದರೆ ಮೀನು ಸತ್ತರೆ ಕಾಲ್ಗುಣ. ಈಗ ಸತ್ತರೆ ನಾನೇ ಕೈಯಾರೆ ಕೊಂದೆನೆಂದು ಆಗುತ್ತದೆ, ಜೊತೆಗೆ ಅತ್ತೆಯ ಮಾತೂ ಮಣ್ಣುಪಾಲು. ಮಳೆಯಂತೂ ಮೋಡ ತೋರಿಸಿ ಓಡಿಹೋಗುತ್ತಿತ್ತು. ಬೇಸಿಗೆಯ ಬಿಸಿಗೆ ಪೆಟ್ಟಿಗೆಯ ನೀರು ದಿನಾ ಒಂದು ಬೆರಳು ಇಳಿಯುತ್ತಿತ್ತು. ಒಂದು ಮಣ್ಣಿನ ಗಡಿಗೆಯಲ್ಲಿ ನೀರು ಸೇದಿ ಹಿತ್ತಿಲಲ್ಲಿ ಒಂದು ದಿನ ಹಾಗೇ ಬಿಟ್ಟು, ಮರುದಿನ ಅದರಿಂದ ಒಂದೊಂದೇ ಚೆಂಬು ಅಂಚಿನಲ್ಲಿ ಇಳಿಬಿಟ್ಟೆ. ಹಾಕಿದ ಮೇಲೆ ಎದೆ ಹಿಡಿದುಕೊಂಡು ಕಾಯುವುದು, ಮೀನು ಮೇಲೆ ಬರುತ್ತವೋ ಏನೋ ಎಂದು. ಬಂದ ಭಕ್ತರಿಗೆ ಪುರಿ ಹಾಕಲು ಬಿಡದೆ ಕೈಯಿಂದ ಈಸಿಕೊಂಡು, ನಾಲ್ಕು ಕಾಳು ಮಾತ್ರ ಪುಡಿ ಮಾಡಿ ಹಾಕಿದೆ. ಉಳಿದದ್ದನ್ನು ಪ್ರಸಾದವೆಂದು ಅವರಿಗೇ ಹಂಚಿದೆ. "ಜಿಪುಣಿ," ಎಂದರು ಬೆನ್ನ ಹಿಂದೆ. ಅನ್ನಲಿ, ನನಗೇನು! ತಳದಲ್ಲಿ ಕೊಳೆ ಕೂತರೆ ಚುಚ್ಚುವ ವಾಸನೆ ಮತ್ತೆ ಏಳುತ್ತಿತ್ತು. ಪರಂಗಿಯ ಎಲೆಯ ಟೊಳ್ಳು ದಂಟನ್ನು ನೀರಲ್ಲಿ ಇಳಿಸಿ, ಮೇಲಿನ ತುದಿಯನ್ನು ಹೆಬ್ಬೆರಳಲ್ಲಿ ಮುಚ್ಚಿ ತೆರೆದು, ಆ ಕೊಳೆಯನ್ನಷ್ಟೇ ಎತ್ತಿ ಸದ್ದಿಲ್ಲದೆ ಹಿತ್ತಿಲಿಗೆ ಚೆಲ್ಲುತ್ತಿದ್ದೆ. ಗಾಜಿನ ಮುಂಬದಿಯ ಹಸಿರನ್ನು ಮಾತ್ರ ಒರೆಸಿದೆ, ಅಜ್ಜಿಗೆ ಮೀನು ಕಾಣಲಿ ಎಂದು. ಉಳಿದ ಮೂರು ಬದಿ ಮುಟ್ಟಲಿಲ್ಲ.

ಅಜ್ಜಿ ದಿನಾ ಬೆಳಗ್ಗೆ ಬಂದು ಬೆರಳು ಮಡಚಿ ಮಡಚಿ ಎಣಿಸುತ್ತಿದ್ದರು. ಎಣಿಕೆ ಸರಿಹೋದರೆ ಮಾತಿಲ್ಲದೆ ಹೋಗುತ್ತಿದ್ದರು. ಒಂದು ದಿನ ಒಂದು ಕಡಿಮೆ ಬಂತು. ಬಗ್ಗಿ ಬಗ್ಗಿ ಹುಡುಕಿದೆ. ಅದು ಮೂಲೆಯ ಹಸಿರಿನ ಮರೆಯಲ್ಲಿ ಮೇಯುತ್ತಿತ್ತು, ಸದ್ಯ.

ಮಳೆ ತಡವಾಗಿಯೇ ಬಂತು, ಬಂದದ್ದು ಮಾತ್ರ ಒಂದೇ ಸಮ ಸುರಿಯಿತು. ಬೆಟ್ಟದ ಬಂಡೆಯ ಮೇಲಿಂದ ನೀರು ಬಿಳಿಯ ಗೆರೆಗಳಾಗಿ ಇಳಿಯುವುದು ನಮ್ಮ ಜಗುಲಿಗೆ ಕಾಣುತ್ತಿತ್ತು. ಕಲ್ಯಾಣಿ ತುಂಬಿತು. ಮಾವನವರು ಒಳ್ಳೆಯ ಸೋಮವಾರ ನೋಡಿ ಮೀನು ಬಿಡುವುದೆಂದರು. ಮನೆಯಲ್ಲಿ ಹಬ್ಬದ ಸಡಗರ. ಯಜಮಾನರು ಸ್ಕೂಲಿನ ಹುಡುಗರನ್ನೆಲ್ಲ ಕರೆದುಕೊಂಡು ಬರುತ್ತೇನೆಂದರು. ಅಜ್ಜಿ ಕೂಡ ಪಾಯಸಕ್ಕೆ ಬೆಲ್ಲ ತೆಗೆದುಕೊಟ್ಟರು. ಎಲ್ಲರೂ ನಗುತ್ತಿದ್ದರು. ನನಗೊಬ್ಬಳಿಗೆ ಹಿಂದಿನ ದಿನದಿಂದಲೇ ನಿದ್ದೆಯಿಲ್ಲ. ಮೀನು ಇದ್ದವೆಂದು ನನ್ನನ್ನು ಇಟ್ಟುಕೊಂಡರು. ಮೀನು ಹೋದ ಮೇಲೆ? ಮಳೆ ಬರುವ ತನಕ ನೋಡೋಣ ಎಂದಿದ್ದರಲ್ಲ, ಮಳೆ ಬಂತಲ್ಲ.

ಅತ್ತೆಯೇ ಮೀನುಗಳನ್ನು ಕೊಳಗಕ್ಕೆ ತುಂಬಿಸಿದರು. ಮಾವನವರು ತಲೆಯ ಮೇಲಿಟ್ಟುಕೊಂಡು ನಡೆದರು. ಕಲ್ಯಾಣಿಯ ಮೆಟ್ಟಿಲ ಮೇಲೆ ನಿಂತು ಬಗ್ಗಿಸಿದಾಗ ಬೆಳ್ಳಿಯ ಚೂರುಗಳು ಕೆಂಪು ನೀರಲ್ಲಿ ಮಿಂಚಿ ಮಾಯವಾದವು. ಜನ ಹರಹರ ಎಂದರು. ನಾನೂ ಅಂದೆ.

ಮನೆಗೆ ಬಂದು, ಇನ್ನೇನು ಈ ಪೆಟ್ಟಿಗೆ ತೊಳೆದು ಅಟ್ಟಕ್ಕೆ ಹಾಕುತ್ತಾರೆ ಎಂದುಕೊಂಡು ಪಡಸಾಲೆಗೆ ಹೋದೆ. ನೀರು ಹಾಗೇ ಇತ್ತು. ಹಿಂಬದಿಯ ಹಸಿರಿನ ಹತ್ತಿರ ಏನೋ ಅಲುಗಿತು. ಬಗ್ಗಿ ನೋಡಿದರೆ ಒಂದು ಮೀನು.

ಅತ್ತೆಯನ್ನು ಕೂಗಿದೆ. "ಅತ್ತೆ, ಒಂದು ಉಳಿದುಬಿಟ್ಟಿದೆ! ಮಾವನವರಿಗೆ ಹೇಳ್ಬೇಕು."

ಅತ್ತೆ ಒದ್ದೆ ಕೈ ಒರೆಸಿಕೊಳ್ಳುತ್ತಾ ಬಂದು ನನ್ನ ಪಕ್ಕ ಕೂತರು. ಅಜ್ಜಿಯ ಕೋಣೆಯ ಕಡೆ ಒಮ್ಮೆ ನೋಡಿ ದನಿ ತಗ್ಗಿಸಿದರು.

"ಉಳ್ದಿಲ್ಲ ಕಣಮ್ಮ, ನಾನೇ ಉಳ್ಸಿದೀನಿ. ನಾನು ಈ ಮನೆಗೆ ಬಂದ ವರ್ಷ ಹಾಲು ಕರೆಯೋ ಹಸು ಸತ್ತೋಯ್ತು. ನನ್ನ ಕಾಲ್ಗುಣ ಅಂದ್ರು. ಮೂರು ವರ್ಷ ತವರಲ್ಲಿ ಕೂರ್ಸಿದ್ರು. ನಂಗೆ ಆಗ ಇಂಥದ್ದೊಂದು ಇರ್ಲಿಲ್ಲ." ಸೆರಗಿನ ಗಂಟಿನಿಂದ ಎರಡು ಕಾಳು ಪುರಿ ತೆಗೆದು ಪುಡಿ ಮಾಡಿ ನೀರಿಗೆ ಉದುರಿಸಿದರು. "ನಿಂಗೆ ಇದಿರ್ಲಿ."

ನಾನು ಅವರ ಒದ್ದೆ ಸೆರಗು ಹಿಡಿದುಕೊಂಡು ಅತ್ತುಬಿಟ್ಟೆ.